ಉಪ್ಪಿನಕಾಯಿ ಇಡುವ ಜಾಗ

ನಮ್ಮ ಮನೆಯಲ್ಲಿ ಉಪ್ಪಿನಕಾಯಿಯ ಜಾಗ ಮಿಡ್ ಆನ್. ಉಪ್ಪು ಲಾಂಗ್ ಆನ್‌ನಲ್ಲಿ, ಪಲ್ಯ ಕವರ್‌ನಲ್ಲಿ, ಅನ್ನ ನಡುವೆ ಪಿಚ್ಚಿನ ಮೇಲೆ. ಮಜ್ಜಿಗೆಯ ಲೋಟ ತಟ್ಟೆಯ ಬಲಕ್ಕೆ, ಬೌಂಡರಿ ಗೆರೆಯ ಹೊರಗೆ. ಕ್ರಿಕೆಟ್ ಎಂದರೆ ಏನೆಂದು ತಿಳಿಯದ ಅಮ್ಮ ಕೂಡ ಒಲೆಯ ಮುಂದಿನಿಂದ, ‘ಮಂಜಾ, ಅಪ್ಪನ ಕವರ್ ಖಾಲಿ ಆಯ್ತು ನೋಡಾ’ ಎಂದು ಕೂಗುತ್ತಿದ್ದಳು. ಹೊಸಬರು ಯಾರಾದರೂ ಕೇಳಿಸಿಕೊಂಡಿದ್ದರೆ ಇದು ತಲೆಕೆಟ್ಟವರ ಮನೆ ಅಂದುಕೊಳ್ಳುತ್ತಿದ್ದರು. ಅಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ. ತಟ್ಟೆಯಲ್ಲಿ ಯಾವುದು ಎಲ್ಲಿದೆ ಎಂದು ಯಾರಾದರೂ ಹೇಳಬೇಕಿತ್ತು. ಹೇಳುತ್ತಿದ್ದವನು ನನ್ನ ತಮ್ಮ ಮಂಜುನಾಥ. ಅವನು ಮುಂದೆ ರೇಡಿಯೊದಲ್ಲಿ, ಆಮೇಲೆ ಟಿವಿಯಲ್ಲಿ ಆಟಗಳ ವಿವರಣೆ ಹೇಳಿ ಹೆಸರು ಮಾಡಿದ. ಅವನಿಗೆ ಆ ಮಾತು ಎಲ್ಲಿಂದ ಬಂತು ಎಂದು ಜನ ನನ್ನನ್ನು ಕೇಳುತ್ತಾರೆ. ಆ ತಟ್ಟೆಯಿಂದ ಬಂತು. ಆ ಮಾತು ಅಪ್ಪನಿಗೆ ಮುಟ್ಟದೆ ಹೋದದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಅದನ್ನು ನಾನಾಗಿಯೇ ಹೇಳಬೇಕು.

ನಮ್ಮದು ಯಲ್ಲಾಪುರದಲ್ಲಿ ಹೆದ್ದಾರಿಯ ಬದಿಯ ಬಾಡಿಗೆ ಮನೆ. ಮುಂದೆ ಹಸನ್ ಮಾಮನ ಅಂಗಡಿ, ಸವೆದ ಟಯರುಗಳಿಗೆ ಹೊಸ ರಬ್ಬರು ಕೂಡಿಸುವುದು. ಹಿಂದೆ ಒಂದರ ಬೆನ್ನಿಗೆ ಒಂದು ಮೂರು ಕೋಣೆಗಳು, ರೈಲಿನ ಡಬ್ಬಿಗಳ ಹಾಗೆ. ಬೆಳಗಿನಿಂದ ಸಂಜೆಯವರೆಗೆ ಸುಟ್ಟ ರಬ್ಬರಿನ ವಾಸನೆ. ಅನ್ನ ಮುಚ್ಚಿಟ್ಟರೂ ಅದಕ್ಕೆ ಸ್ವಲ್ಪ ಆ ವಾಸನೆ ಹತ್ತುತ್ತಿತ್ತು, ಬೇರೆ ಮನೆಗಳ ಅನ್ನವೇ ನಮಗೆ ಸಪ್ಪೆ ಅನಿಸುತ್ತಿತ್ತು. ಅಪ್ಪ ಲಾರಿ ಓಡಿಸುತ್ತಿದ್ದವನು. ಹುಬ್ಬಳ್ಳಿಯಿಂದ ಅಂಕೋಲೆಗೆ, ಅರಬೈಲ್ ಘಟ್ಟದ ತಿರುವುಗಳೆಲ್ಲ ಅವನಿಗೆ ಬಾಯಿಪಾಠ. ಮೊದಲು ಬದಿಯಿಂದ ಬರುವ ಗಾಡಿಗಳು ಕಾಣದಾದವು. ಯಾರಿಗೂ ಹೇಳದೆ ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡಿ ಓಡಿಸಿದ. ಕಣ್ಣೊಳಗೆ ಒತ್ತಡ ಏರಿದೆ, ಬಂದದ್ದು ತಡವಾಯಿತು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದಾಗ ನಾನು ಶಾಲೆಯಲ್ಲಿ ಆರನೇ ಇಯತ್ತೆಯಲ್ಲಿದ್ದೆ. ಅಪ್ಪ ಮಾಲೀಕರಿಗೆ ಚಾವಿ ಒಪ್ಪಿಸಿ ಬಂದ. ಬರುವಾಗ ಲಾರಿಯ ಸರಕಿನ ಮೇಲೆ ತಾಡಪತ್ರಿ ಬಿಗಿಯುವ ಹಗ್ಗದ ಒಂದು ಸುರುಳಿ ತಂದ. ಅದನ್ನು ಅವನ ಮಂಚದಿಂದ ಬಚ್ಚಲಿನವರೆಗೆ ಗೋಡೆಯುದ್ದಕ್ಕೂ ಮೊಳೆ ಹೊಡೆದು ಕಟ್ಟಿದೆವು. ಅಡುಗೆಮನೆ ಬಂದಲ್ಲಿ ಒಂದು ಗಂಟು, ಮೆಟ್ಟಿಲು ಇಳಿಯುವಲ್ಲಿ ಎರಡು. ಅಪ್ಪ ಆ ಹಗ್ಗ ಹಿಡಿದು ಮನೆಯೊಳಗೆ ಘಟ್ಟ ಇಳಿಯುತ್ತಿದ್ದ.

ಅಮ್ಮ ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ರೊಟ್ಟಿ ತಟ್ಟಲು ಹೋಗತೊಡಗಿದಳು. ಹಗಲು ಅಪ್ಪನ ಹತ್ತಿರ ಯಾರಾದರೂ ಬೇಕಿತ್ತು. ನನ್ನ ಶಾಲೆ ಅಲ್ಲಿಗೆ ಮುಗಿಯಿತು. ಯಾರೂ ಬಿಡಿಸಲಿಲ್ಲ, ನಾನು ಹಟವನ್ನೂ ಮಾಡಲಿಲ್ಲ. ಒಂದು ಸೋಮವಾರ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಅಷ್ಟೆ. ಮನೆಗೆ ಒಂದು ಕಾನೂನು ಇತ್ತು: ಇಟ್ಟ ವಸ್ತು ಇಟ್ಟಲ್ಲೇ ಇರಬೇಕು. ಒಂದು ದಿನ ಕಸ ಗುಡಿಸುವಾಗ ಮಣೆಯನ್ನು ಸರಿಸಿದವಳು ಹಾಗೇ ಮರೆತೆ. ಅಪ್ಪ ಎಡವಿ ಬಿದ್ದ, ತುಟಿ ಒಡೆಯಿತು. ಸಂಜೆ ಬಂದ ಅಮ್ಮ ಸೌಟಿನಲ್ಲೇ ನನ್ನ ಬೆನ್ನಿಗೆ ಕೊಟ್ಟಳು. ಅಪ್ಪ ಗೋಡೆಗೆ ಒರಗಿ ಕೂತಲ್ಲಿಂದ ಹೇಳಿದ:

‘ಹೊಡೀಬೇಡ ಮಾರಾಯ್ತಿ. ಅವಳಿಗೆ ಕಣ್ಣಿದೆ, ಹಂಗಾಗಿ ಗೊತ್ತಾಗೂದಿಲ್ಲ.’

ಅವನು ನನ್ನನ್ನು ಉಳಿಸಲಿಕ್ಕೆ ಹೇಳಿದ ಮಾತು. ಪೆಟ್ಟಿಗಿಂತ ಅದೇ ನನಗೆ ಹೆಚ್ಚು ಹತ್ತಿತು. ಅಂದಿನಿಂದ ನಾನು ಮಣೆ, ಕೊಡಪಾನ, ಚಪ್ಪಲಿ ಎಲ್ಲವನ್ನೂ ಜಾಗದಲ್ಲೇ ಇಟ್ಟೆ, ಆದರೆ ಬಾಯಿ ಕಡಿಮೆ ಮಾಡಿದೆ. ಮಂಜ ಬಾಯಿ ಬಿಚ್ಚಿದ. ಆಗ ಅವನಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿದ್ದ ವಯಸ್ಸು. ಶಾಲೆಯಿಂದ ಬಂದವನು ಹೊಸ್ತಿಲಲ್ಲಿ ನಿಂತೇ ಶುರು ಮಾಡುತ್ತಿದ್ದ. ‘ಅಪ್ಪಾ, ನಿನ್ನ ಎಡಕ್ಕೆ ಕೊಡಪಾನ ಇದೆ. ಅಕ್ಕ ಸಿಟ್ಟಲ್ಲಿದ್ದಾಳೆ, ಮೂಗು ಕೆಂಪಾಗಿದೆ. ಹೊರಗೆ ಗ್ಯಾಸಿನ ಟ್ಯಾಂಕರ್ ನಿಂತಿದೆ, ಡ್ರೈವರ್ ಸರ್ದಾರ್ಜಿ, ಹಸನ್ ಮಾಮನ ಹತ್ರ ಜಗಳ ತೆಗ್ದಿದ್ದಾನೆ.’ ಅಪ್ಪ ಕತ್ತೆತ್ತಿ ಕೇಳುತ್ತಿದ್ದ. ಇಡೀ ದಿನ ಅವನ ಹತ್ತಿರ ಇದ್ದವಳು ನಾನು. ಸಂಜೆ ನಾಲ್ಕಾದ ಮೇಲೆ ಅವನು ಕೇಳುತ್ತಿದ್ದದ್ದು ಒಂದೇ:

‘ತಂಗೀ, ತಮ ಬಂದ್ನಾ?’

ನನ್ನನ್ನು ಅಪ್ಪ ತಂಗಿ ಎಂದೇ ಕರೆಯುತ್ತಿದ್ದ, ಮಂಜನನ್ನು ತಮಾ ಎಂದು. ನಾನು ಬಂದಿಲ್ಲ ಅನ್ನುತ್ತಿದ್ದೆ. ಕೆಲವು ಸಲ ಅವನು ಬಂದು ಕೈಕಾಲು ತೊಳೆಯುತ್ತಿದ್ದರೂ ಬಂದಿಲ್ಲ ಅನ್ನುತ್ತಿದ್ದೆ. ಈಗ ಯೋಚಿಸಿದರೆ ನನ್ನ ಸುಳ್ಳು ಹುಟ್ಟಿದ್ದು ಅಲ್ಲಿ.

ಕ್ರಿಕೆಟ್ಟನ್ನು ಮನೆಯೊಳಗೆ ತಂದವನು ಹಸನ್ ಮಾಮ. ಅವನ ಅಂಗಡಿಯಲ್ಲಿ ಮ್ಯಾಚಿನ ದಿನ ಟ್ರಾನ್ಸಿಸ್ಟರ್ ಹಿಂದಿಯಲ್ಲಿ ಕೂಗುತ್ತಿತ್ತು. ಲಾರಿಯವರ ಸಹವಾಸದಿಂದ ಅಪ್ಪನಿಗೆ ಹಿಂದಿ ತಿಳಿಯುತ್ತಿತ್ತು. ಆದರೆ ಚೆಂಡು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಹಸನ್ ಮಾಮ ಒಳಗೆ ಬಂದು, ತೊಳೆದಿಟ್ಟ ಸ್ಟೀಲ್ ತಟ್ಟೆ ಎತ್ತಿಕೊಂಡು ಅಪ್ಪನ ತೊಡೆಯ ಮೇಲಿಟ್ಟ.

‘ಡ್ರೈವರ್ ಸಾಬ್, ಇದೇ ಗ್ರೌಂಡ್ ಅಂತ ಇಟ್ಕೊಳ್ಳಿ. ಈ ಅಂಚು ಇದೆಯಲ್ಲ, ಇದು ಬೌಂಡರಿ. ನೀವು ಇಲ್ಲಿ, ಹೊಟ್ಟೆ ಹತ್ರ, ಬ್ಯಾಟ್ ಹಿಡ್ಕೊಂಡು ನಿಂತಿದ್ದೀರಿ. ಬೌಲಿಂಗ್ ಎದುರಿಂದ ಬರ್ತದೆ.’

‘ಎದುರಿಂದ ಬಂದ್ರೆ ಸೈಡ್ ಕೊಡೂದಾ, ಬೇಡ್ವಾ?’ ಎಂದ ಅಪ್ಪ.

ಹಸನ್ ಮಾಮ ನಕ್ಕು ನಕ್ಕು ಕೆಮ್ಮಿದ. ಆಮೇಲೆ ರಬ್ಬರಿನ ಚೂರುಗಳನ್ನು ತಟ್ಟೆಯ ಮೇಲೆ ಅಲ್ಲಲ್ಲಿ ಇಟ್ಟು, ಅಪ್ಪನ ಬೆರಳು ಹಿಡಿದು ಒಂದೊಂದನ್ನೂ ಮುಟ್ಟಿಸಿ ಹೆಸರು ಹೇಳಿದ. ಮಂಜ ಬಾಯಿ ತೆರೆದು ನೋಡುತ್ತಿದ್ದ. ಆ ರಾತ್ರಿ ಊಟಕ್ಕೆ ಕೂತಾಗ ಅವನೇ ಬಡಿಸಲು ಹೊರಟ. ‘ಅಪ್ಪಾ, ಉಪ್ಪಿನಕಾಯಿ ಮಿಡ್ ಆನ್‌ನಲ್ಲಿದೆ.’ ಅಪ್ಪನ ಬೆರಳು ನೇರ ಅಲ್ಲಿಗೇ ಹೋಯಿತು. ಕಣ್ಣು ಹೋದ ಮೇಲೆ ಅಪ್ಪ ಊಟದ ಹೊತ್ತಿನಲ್ಲಿ ನಕ್ಕದ್ದು ಅದೇ ಮೊದಲು. ಅಂಕೋಲೆಯ ಮೀನು ಬಂದ ದಿನ ಬಂಗುಡೆಯ ಸಾರು. ಮಂಜ ಒಂದೊಂದೇ ಮುಳ್ಳು ಬಿಡಿಸಿ ತಟ್ಟೆಯ ಹಿಂಬದಿಯ ಅಂಚಿಗೆ ಹಾಕುತ್ತಿದ್ದ. ‘ಮುಳ್ಳು ಔಟ್. ಸೀದಾ ಪೆವಿಲಿಯನ್‌ಗೆ.’ ಒಲೆಯ ಹತ್ತಿರ ನನ್ನ ತಟ್ಟೆ ಬೇರೆ. ಅಲ್ಲಿಂದ ನೋಡಿದರೆ ದೀಪದ ಕೆಳಗೆ ಅವರಿಬ್ಬರ ತಲೆಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಕಾಣುತ್ತಿದ್ದವು.

ಮನೆಯ ಹಿಂದೆ ಲಾರಿ ನಿಲ್ಲಿಸುವ ಬಯಲು. ಭಾನುವಾರ ಅಲ್ಲಿ ಓಣಿಯ ಹುಡುಗರ ಆಟ. ಮಂಜ ಆಡುತ್ತಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಒಳಗಿದ್ದ ಅಪ್ಪನಿಗೆ ಹೇಳುತ್ತಿದ್ದ. ಅಪ್ಪ ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಅವನು ಹೇಳಿದಲ್ಲಿಗೆ ಬೆರಳು ಓಡಿಸುತ್ತಿದ್ದ. ಕಲಿಸಿದ್ದು ಅಪ್ಪನೇ. ಮಂಜ ರೇಡಿಯೊದವರ ಧಾಟಿಯಲ್ಲಿ ‘ಭರ್ಜರಿ ಹೊಡೆತಾ! ಅಬ್ಬಬ್ಬಾ, ಎಂಥಾ ಹೊಡೆತಾ!’ ಎಂದು ಕಿರುಚಿದರೆ ಅಪ್ಪನ ಬೆರಳು ತಟ್ಟೆಯ ನಡುವೆಯೇ ನಿಂತುಬಿಡುತ್ತಿತ್ತು.

‘ಎಲ್ಲಿಗೆ ಹೋಯ್ತಾ ಅದು? ಮೊದಲು ಜಾಗ ಹೇಳು ತಮಾ. ಕುಣಿಯೂದು ಆಮೇಲೆ.’

ಆ ಮಾತಿನ ಮೇಲೆಯೇ ಮಂಜನ ಜೀವನ ನಿಂತಿತು. ಶಾಲೆ ಮುಗಿಯುವ ಹೊತ್ತಿಗೆ ಟೂರ್ನಮೆಂಟಿನವರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಶಿರಸಿಯ ಮೈದಾನದಲ್ಲಿ, ಸಿದ್ದಾಪುರದ ಕಡೆ ಬಿಳಗಿಯಲ್ಲಿ, ಎಲ್ಲೆಲ್ಲೋ ಗದ್ದೆ ಕೊಯ್ದ ಬಯಲಿನಲ್ಲಿ ಮೈಕು ಹಿಡಿದ. ಬೇರೆಯವರು ಮೈಕಿನಲ್ಲಿ ಜೋಕು ಮಾಡುತ್ತಿದ್ದರು, ಪ್ರಾಸ ಕಟ್ಟುತ್ತಿದ್ದರು. ಇವನು ಮೊದಲು ಜಾಗ ಹೇಳುತ್ತಿದ್ದ. ದೂರದಲ್ಲಿ ಚಹಾ ಕುಡಿಯುತ್ತ ಬೆನ್ನು ತಿರುಗಿಸಿ ಕೂತವರಿಗೂ ಆಟ ಕಾಣುತ್ತಿತ್ತಂತೆ. ಯಾರೋ ಧಾರವಾಡದ ರೇಡಿಯೊದವರಿಗೆ ಅವನ ಹೆಸರು ಹೇಳಿದರು. ಅದೇ ದಿನಗಳಲ್ಲಿ ನನಗೆ ಎಕ್ಕಂಬಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗನನ್ನು ನಾನು ನೋಡಿದ್ದೆ, ಬೇಡ ಅನಿಸುವಂಥದ್ದೇನೂ ಇರಲಿಲ್ಲ. ಅಮ್ಮನ ಮಂಡಿ ಆಗಲೇ ಹಿಡಿದಿತ್ತು. ಅಪ್ಪನ ಹತ್ತಿರ ಇಬ್ಬರಲ್ಲಿ ಒಬ್ಬರು ಉಳಿಯಬೇಕಿತ್ತು. ಮಂಜನ ಚೀಲವನ್ನು ಅಮ್ಮ ತುಂಬಿದಳು. ಎಕ್ಕಂಬಿಯವರಿಗೆ ಏನು ಹೇಳಿ ಕಳಿಸಿದರೋ, ನನ್ನನ್ನು ಯಾರೂ ಕೇಳಲಿಲ್ಲ. ಬಸ್ಸು ಹತ್ತುವಾಗ ಮಂಜ ಹೇಳಿದ್ದು, ‘ಅಕ್ಕಾ, ಮೀನಿನ ಮುಳ್ಳು ನೋಡಿ ತೆಗಿ, ಸಣ್ಣದು ಬಾಲದ ಹತ್ರ ಇರ್ತದೆ.’ ನಾನು ಮೀನು ಮಾಡುವುದನ್ನೇ ಬಿಟ್ಟೆ. ಅನ್ನ, ಸಾರು, ಪಲ್ಯ ಎಲ್ಲ ಒಟ್ಟಿಗೆ ಕಲಸಿ ಕೈಗೆ ಚಮಚ ಕೊಟ್ಟರೆ ಯಾವ ಜಾಗವನ್ನೂ ಹೇಳಬೇಕಾಗಿರಲಿಲ್ಲ. ಅಪ್ಪ ಹಾಗೆಯೇ ತಿಂದ.

ರೇಡಿಯೊದಲ್ಲಿ ಮಂಜನ ಮೊದಲ ಮ್ಯಾಚಿನ ದಿನ ಹಸನ್ ಮಾಮ ಅಂಗಡಿಯ ಯಂತ್ರ ನಿಲ್ಲಿಸಿ ಕೆಲಸದವರನ್ನೆಲ್ಲ ಕರೆದುಕೊಂಡು ಬಂದ. ಅಪ್ಪ ಬೆಳಿಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತಿದ್ದ. ಮಂಜನ ದನಿ ಬಂತು. ಅಪ್ಪನ ಬೆರಳು ಓಡತೊಡಗಿತು. ಕವರ್, ಪಾಯಿಂಟ್, ಲಾಂಗ್ ಆನ್. ನಡುವೆ ಒಂದು ಸಲ ಮಂಜ ಹೇಳಿದ: ‘ಚೆಂಡು ಮಿಡ್ ಆನ್ ಕಡೆಗೆ, ನಮ್ಮ ಮನೆ ತಟ್ಟೆಯಲ್ಲಿ ಉಪ್ಪಿನಕಾಯಿ ಇಡುವ ಜಾಗಕ್ಕೆ.’ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪನ ಬೆರಳು ಅಲ್ಲಿಯೇ ನಿಂತು, ತಟ್ಟೆಯ ಮೇಲೆ ಟಕ ಟಕ ಎಂದು ಬಡಿಯಿತು. ಮುಂದೆ ಆ ಮಾತು ಜನರಿಗೆ ಹಿಡಿಸಿತು. ಕೇಳುಗರು ಮಂಜನನ್ನು ಉಪ್ಪಿನಕಾಯಿ ಅಂತಲೇ ಗುರುತಿಸುತ್ತಿದ್ದರಂತೆ. ಅದು ತಮಾಷೆ ಎಂದು ಎಲ್ಲರೂ ತಿಳಿದಿದ್ದರು. ಅದು ಒಬ್ಬನಿಗಾಗಿ ಹೇಳಿದ ಮಾತು ಎಂದು ನಮ್ಮ ಮನೆಗೆ ಮಾತ್ರ ಗೊತ್ತಿತ್ತು. ಪ್ರತಿ ಸಲ ಮ್ಯಾಚು ಮುಗಿದ ಕೂಡಲೇ ಹಸನ್ ಮಾಮನ ಅಂಗಡಿಗೆ ಫೋನು. ಮಂಜ ಕೇಳುತ್ತಿದ್ದದ್ದು, ‘ಅಪ್ಪ ಎಂತ ಹೇಳ್ದ?’

ಅಮ್ಮ ತೀರಿಕೊಂಡಳು. ಹಸನ್ ಮಾಮ ಅಂಗಡಿಯನ್ನು ಮಗನಿಗೆ ಬಿಟ್ಟು ಮಸೀದಿಗೂ ಮನೆಗೂ ಓಡಾಡಿಕೊಂಡು ಉಳಿದ, ಆಮೇಲೆ ಅವನೂ ಹೋದ. ಮಂಜ ಟಿವಿಗೆ ಸೇರಿ ಮುಂಬೈಯಲ್ಲಿ ಮನೆ ಮಾಡಿದ. ಅಲ್ಲಿ ಕೋಣೆಯೊಳಗೆ ಕೂತು, ಪರದೆ ನೋಡಿಕೊಂಡು ಕನ್ನಡದಲ್ಲಿ ಹೇಳುವ ಕೆಲಸ. ನಮಗೆ ಒಂದು ದೊಡ್ಡ ಟಿವಿ ಕಳಿಸಿದ. ಮೊದಲ ದಿನ ಅಪ್ಪ ಮೊದಲಿನ ಹಾಗೆಯೇ ಸ್ನಾನ ಮಾಡಿ, ತಟ್ಟೆ ಇಟ್ಟುಕೊಂಡು ಅದರ ಮುಂದೆ ಕೂತ. ಮಂಜನ ದನಿ ಬಂತು. ‘ಅದ್ಭುತ!’ ಎಂದ. ಸುಮ್ಮನಾದ. ಜನರ ಕೂಗು ಕೇಳಿಸಿತು. ‘ಏನು ಟೈಮಿಂಗ್!’ ಎಂದ. ಮತ್ತೆ ಸುಮ್ಮನಾದ. ಟಿವಿಯಲ್ಲಿ ಹಾಗೆಯೇ ಹೇಳಬೇಕಂತೆ, ಕಾಣುವುದನ್ನು ಮತ್ತೆ ಹೇಳಿದರೆ ನೋಡುವವರಿಗೆ ಬೇಸರವಂತೆ. ಅಪ್ಪನ ಬೆರಳು ತಟ್ಟೆಯ ನಡುವೆ ನಿಂತಿತ್ತು.

‘ಎಲ್ಲಿಗೆ ಹೋಯ್ತು ತಂಗೀ?’

‘ಫೋರ್ ಹೋಯ್ತು.’

‘ಫೋರ್ ಅಂತ ಕೂಗಿನಲ್ಲೇ ಗೊತ್ತಾಯ್ತು. ಎಲ್ಲಿಗೆ?’

‘ನಂಗೆ ಗೊತ್ತಿಲ್ಲ ಅಪ್ಪ. ಒಲೆ ಮೇಲೆ ಹಾಲಿದೆ.’

ನನಗೆ ಗೊತ್ತಿತ್ತು. ಅಷ್ಟು ವರ್ಷ ಒಲೆಯ ಮುಂದೆ ಕೂತು ಕೇಳಿದವಳಿಗೆ ಆ ತಟ್ಟೆಯ ಮೂಲೆ ಮೂಲೆ ಗೊತ್ತಿತ್ತು. ಕವರ್ ಎಂಬ ಒಂದು ಶಬ್ದ ಹೇಳಿದ್ದರೆ ಸಾಕಿತ್ತು. ಆ ಜಾಗಗಳು ಮಂಜನವು, ಅವನೇ ಹೇಳಲಿ ಅಂದುಕೊಂಡೆ. ಅಪ್ಪ ಎರಡು ಮೂರು ಮ್ಯಾಚು ಹಾಗೆಯೇ ಕೂತ. ಆಮೇಲೆ ಒಂದು ದಿನ, ನಾನು ಅವನ ಉಗುರು ಕತ್ತರಿಸುತ್ತಿದ್ದಾಗ ಹೇಳಿದ:

‘ತಮಂಗೆ ಒಂದು ಮಾತು ಹೇಳ್ತ್ಯಾ? ಎಲ್ಲದಕ್ಕೂ ಬೇಡ. ಒಂದು ಮ್ಯಾಚಿಗೆ ಒಂದು ಸಲ, ಎಲ್ಲಾದ್ರೂ ಒಂದು ಕಡೆ ಜಾಗ ಹೇಳು ಅಂತ. ಅಪ್ಪ ಕೇಳಿದ ಅನ್ಬೇಡ, ಅವಂಗೆ ಭಾರ ಆಗ್ತದೆ. ನೀನೇ ಹೇಳಿದ ಹಂಗೆ ಹೇಳು.’

ಹೂಂ ಅಂದೆ. ಆ ಭಾನುವಾರ ಮಂಜನ ಫೋನು ಬಂತು. ಮೊದಲ ಮಾತೇ ಅದು, ‘ಅಕ್ಕಾ, ಅಪ್ಪ ಕೇಳ್ತಾನಾ? ಎಂತ ಹೇಳ್ತಾನೆ?’ ನಾನು ಆಗ ತಾನೇ ಅಪ್ಪನ ಹಾಸಿಗೆ ಒಗೆದು ಬಂದಿದ್ದೆ. ಸೊಂಟ ಹಿಡಿದಿತ್ತು. ನೀನು ಉಂಡಿದ್ಯಾ ಎಂದು ಅವನು ಒಂದು ದಿನವಾದರೂ ಮೊದಲು ಕೇಳಿದ್ದರೆ ಏನಾಗುತ್ತಿತ್ತೋ. ಇದು ನೆಪ ಎಂದು ನನಗೂ ಗೊತ್ತು. ನಾನು ಹೇಳಿದೆ:

‘ಅವಂಗೆ ಈಗ ಅದೆಲ್ಲ ಬೇಡ ಮಾರಾಯಾ. ಟಿವಿ ಹಾಕಿದ್ರೆ ನಿದ್ದೆ ಮಾಡ್ತಾನೆ.’

‘ಹೌದಾ. ವಯಸ್ಸಾಯ್ತಲ್ಲ’ ಎಂದ ಮಂಜ. ಫೋನು ಇಟ್ಟ ಮೇಲೆ ಅಪ್ಪ ಹಗ್ಗ ಹಿಡಿದು ಅಡುಗೆಮನೆಯ ಗಂಟಿನವರೆಗೆ ಬಂದು ನಿಂತ.

‘ಹೇಳಿದ್ಯಾ?’

‘ಹೇಳ್ದೆ.’

‘ಎಂತ ಅಂದ?’

‘ಅಲ್ಲಿ ಹಾಗೆಲ್ಲ ಆಗೂದಿಲ್ಲ ಅಂದ.’

ಅಪ್ಪನ ಕೈ ಆ ಗಂಟನ್ನು ತಿರುವುತ್ತಿತ್ತು. ‘ಹೌದು. ಅವನ ಕೆಲಸ ಅವಂಗೆ’ ಎಂದು ತಿರುಗಿ ಹೋದ. ಒಂದೇ ಸಂಜೆ ಇಬ್ಬರಿಗೂ ಎರಡು ಸುಳ್ಳು ಹೇಳಿ ನಾನು ಅನ್ನಕ್ಕೆ ಇಟ್ಟೆ. ನಾಳೆ ಸರಿ ಮಾಡಿದರಾಯಿತು ಅಂದುಕೊಂಡೆ. ಮಂಜ ಆಮೇಲೆ ಅಪ್ಪ ಏನು ಹೇಳಿದ ಎಂದು ಕೇಳುವುದನ್ನು ಬಿಟ್ಟ. ಅಪ್ಪ ಜಾಗದ ಮಾತು ತೆಗೆಯುವುದನ್ನು ಬಿಟ್ಟ. ದೀಪಾವಳಿಗೆ ಮಂಜ ಬಂದಾಗ ಇಬ್ಬರೂ ಎದುರೆದುರು ಕೂತು ಮುಂಬೈಯ ಮೀನಿನ ಬಗ್ಗೆ, ಘಟ್ಟದ ರಸ್ತೆಯ ಬಗ್ಗೆ ಮಾತಾಡಿದರು. ಆಟದ ಮಾತು ಒಬ್ಬನಾದರೂ ಎತ್ತಲಿಲ್ಲ. ಅಪ್ಪನಿಗೆ ಬೇಡವಾಗಿದೆ ಎಂದು ಮಗ ಸುಮ್ಮನಿದ್ದ. ಮಗನಿಗೆ ಮುಜುಗರವಾದೀತು ಎಂದು ಅಪ್ಪ ಸುಮ್ಮನಿದ್ದ. ನಾನು ಇಬ್ಬರಿಗೂ ಚಹಾ ಕೊಟ್ಟೆ. ಒಂದು ಮಾತು ಹೇಳಲು ನನಗೆ ಸಿಕ್ಕಷ್ಟು ಸಮಯ ಯಾರಿಗೂ ಸಿಕ್ಕಿರಲಿಕ್ಕಿಲ್ಲ.

ಆದರೂ ಮಂಜನ ಮ್ಯಾಚು ಇದ್ದ ದಿನ ಅಪ್ಪ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಟಿವಿ ಹಾಕು ಅನ್ನುತ್ತಿದ್ದ. ಹಾಕಿ ನಾನು ಒಳಗೆ ಹೋಗುತ್ತಿದ್ದೆ. ಹೋದ ವರ್ಷ ಒಂದು ಸಂಜೆ ಮ್ಯಾಚು ಮುಗಿದು ಜಾಹೀರಾತುಗಳು ಬರುತ್ತಿದ್ದವು. ಆರಿಸಲೆಂದು ಬಂದೆ. ಅಪ್ಪ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದ. ತಟ್ಟೆ ನೆಲಕ್ಕೆ ಬಿದ್ದಿತ್ತು.

ಅಪ್ಪನ ವರ್ಷದ ದಿನಕ್ಕೆ ಮಂಜ ಬಂದ. ನಮ್ಮಲ್ಲಿ ಹೋದವರಿಗೆ ಏನು ಇಷ್ಟವೋ ಅದನ್ನೇ ಎಡೆಗೆ ಬಡಿಸುವ ಪದ್ಧತಿ. ಎಷ್ಟೋ ವರ್ಷಗಳ ಮೇಲೆ ನಾನು ಬಂಗುಡೆಯ ಸಾರು ಮಾಡಿದೆ. ಬಾಳೆಲೆ ಹಾಸುವಾಗ ಮಂಜ ತಡೆದ. ‘ಎಲೆ ಬೇಡ ಅಕ್ಕ. ಅಪ್ಪನ ತಟ್ಟೆ ತಾ.’ ತಟ್ಟೆಯನ್ನು ಅಪ್ಪನ ಫೋಟೊದ ಮುಂದೆ ಇಟ್ಟು ತಾನೇ ಬಡಿಸಿದ. ಉಪ್ಪು, ಉಪ್ಪಿನಕಾಯಿ, ಪಲ್ಯ. ಬಾಯಿಯೊಳಗೇ ಒಂದೊಂದು ಹೆಸರು ಹೇಳುತ್ತಿದ್ದ. ಆಮೇಲೆ ಕಾಲು ಮಡಚಿ ಕೂತು ಮೀನಿನ ಮುಳ್ಳು ಬಿಡಿಸತೊಡಗಿದ. ತಲೆ ನರೆತಿತ್ತು. ಹೋದವರಿಗೆ ಮುಳ್ಳು ಚುಚ್ಚುವುದಿಲ್ಲ ಎಂದು ಹೇಳಬೇಕೆನಿಸಿತು. ಅದರ ಬದಲು ಇನ್ನೊಂದು ಬಾಯಿಗೆ ಬಂತು.

‘ತಮಾ, ಅಪ್ಪ ನಿದ್ದೆ ಮಾಡ್ತಿರ್ಲಿಲ್ಲ. ಪ್ರತಿ ಮ್ಯಾಚೂ ಕೇಳ್ತಿದ್ದ. ಒಂದು ಸಲನಾದ್ರೂ ಜಾಗ ಹೇಳು ಅಂತ ನಿಂಗೆ ಹೇಳು ಅಂದಿದ್ದ. ನಾನು ಹೇಳಿಲ್ಲ. ನೀನು ಆಗೂದಿಲ್ಲ ಅಂದೆ ಅಂತ ಅವಂಗೆ ಹೇಳ್ದೆ.’

ಮಂಜನ ಕೈ ನಿಂತಿತು. ಬೈಯುತ್ತಾನೆ ಅಂದುಕೊಂಡಿದ್ದೆ, ಬೈಯಲಿ ಎಂದು ಕಾದೆ. ಅವನು ಫೋಟೊದ ಕಡೆಗೇ ನೋಡುತ್ತ ಕೇಳಿದ:

‘ಕಡೇ ದಿನ ತಟ್ಟೆ ಇತ್ತಾ, ತೊಡೆ ಮೇಲೆ?’

‘ಇತ್ತು.’

‘ಅವತ್ತು ಒಂದು ಸಲ ಹೇಳಿದ್ದೆ ಅಕ್ಕ. ಹೇಳಬಾರದಾಗಿತ್ತು, ಯಾಕೋ ಬಾಯಿಗೆ ಬಂತು. ಮಿಡ್ ಆನ್, ಉಪ್ಪಿನಕಾಯಿ ಇಡೋ ಜಾಗ ಅಂತ.’ ಅವನ ದನಿ ಇಡೀ ನಾಡು ಕೇಳಿದ ದನಿ, ಅದು ಒಡೆದುಹೋಗಿತ್ತು. ‘ಆವಾಗ ಅಪ್ಪ ಇದ್ನಾ? ಬೆರಳು ಅಲ್ಲಿಗೆ ಹೋಯ್ತಾ?’

ನಾನು ಸಾರಿನ ಪಾತ್ರೆ ಮುಚ್ಚಿದೆ.

‘ಹೇಳು ಅಕ್ಕ. ಬೆರಳು ಎಲ್ಲಿತ್ತು?’

ಆ ಸಂಜೆ ನಾನು ಅಡುಗೆಮನೆಯಲ್ಲಿದ್ದೆ. ಬಾಗಿಲು ತೆರೆದೇ ಇತ್ತು. ಒಲೆಯ ಮುಂದಿನಿಂದ ಕುತ್ತಿಗೆ ತಿರುಗಿಸಿದ್ದರೆ ಅಪ್ಪನ ಕುರ್ಚಿ, ತೊಡೆ, ತಟ್ಟೆ ಎಲ್ಲವೂ ಕಾಣುತ್ತಿತ್ತು.

‘ನಾನು ನೋಡ್ಲಿಲ್ಲ ತಮಾ.’

ಅವನು ತಲೆ ತಗ್ಗಿಸಿ ಮೀನಿನ ಬಾಲದ ಹತ್ತಿರದ ಸಣ್ಣ ಮುಳ್ಳುಗಳನ್ನೂ ಒಂದೊಂದಾಗಿ ಬಿಡಿಸಿ ತಟ್ಟೆಯ ಹಿಂಬದಿಯ ಅಂಚಿಗೆ ಇಟ್ಟ. ಪೆವಿಲಿಯನ್ ಅನ್ನಲಿಲ್ಲ.